ಭದ್ರಾ ನಾಲೆಯಲ್ಲಿ ತಲೆಭಾಗ, ಕೊನೆಭಾಗ ಒಂದೇ ಲೆಕ್ಕಕ್ಕೆ ಬರುವ ಬಗೆ

ಡ್ಯಾಂ ತುಂಬಿದ ಸುದ್ದಿ ಬಂದರೂ ನಾಲೆಯ ಕೊನೆಭಾಗದ ರೈತನಿಗೆ ನೆಮ್ಮದಿ ಇರುವುದಿಲ್ಲ. ಲಕ್ಕವಳ್ಳಿಯ ಭದ್ರಾ ಡ್ಯಾಂನಲ್ಲಿ 186 ಅಡಿ ಮುಟ್ಟಿ 71.5 ಟಿಎಂಸಿ ನಿಂತಿದ್ದರೂ ತನ್ನ ತೂಬಿಗೆ ನೀರು ಬರುವವರೆಗೆ ಅವನ ಪಾಲಿಗೆ ಅದು ಪೇಪರಿನ ನೀರು. ಬಲದಂಡೆ ನಾಲೆಯೇ 103 ಕಿಲೋಮೀಟರ್ ಇದೆ. ಅದಾದ ಮೇಲೆ ದಾವಣಗೆರೆ ಶಾಖಾ ನಾಲೆ, ಮಲೇಬೆನ್ನೂರು ಶಾಖಾ ನಾಲೆ, ಉಪನಾಲೆ, ಹೊಲಗಾಲುವೆ. ಇಷ್ಟು ಉದ್ದದಲ್ಲಿ ಯಾರು ಎಷ್ಟು ತೆಗೆದುಕೊಂಡರು ಎಂಬುದು ಇನ್ನೊಬ್ಬರಿಗೆ ಗೊತ್ತಾಗದಿದ್ದರೆ ಅನುಮಾನ ಬೆಳೆಯುತ್ತದೆ, ಬೇಸಿಗೆ ಹಂಗಾಮಿನಲ್ಲಿ ಅದೇ ರಸ್ತೆ ತಡೆಯಾಗುತ್ತದೆ.

ನೀರು ಬಳಕೆದಾರರ ಸಹಕಾರ ಸಂಘಗಳು, ಗ್ರಾಮ ಪಂಚಾಯಿತಿಗಳು ಮತ್ತು ಊರಿನ ಹಿರಿಯರು ಒಂದು ಉಪನಾಲೆಯ ಮಟ್ಟದಲ್ಲಿ ಜನರನ್ನು ಒಟ್ಟುಗೂಡಿಸಿ ಪಾಳಿ ನಡೆಸಲು ಬೇಕಾದ ಕೆಲಸಗಳು ಇಲ್ಲಿವೆ. ಭಾಷಣ ಕಡಿಮೆ ಇರಲಿ, ಅಳತೆ ಹೆಚ್ಚಿರಲಿ. ಎರಡೂ ಕಡೆಯವರ ಕೈಯಲ್ಲಿ ಒಂದೇ ಅಂಕಿ ಇದ್ದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಮೊದಲು ಅಂಕಿಗಳನ್ನು ಊರಿನ ಭಾಷೆಗೆ ತನ್ನಿ

"ಟಿಎಂಸಿ", "ಕ್ಯೂಸೆಕ್" ಎನ್ನುವ ಮಾತು ಎಲ್ಲರ ಬಾಯಲ್ಲೂ ಇದೆ, ಅದು ಎಷ್ಟು ನೀರು ಎಂಬುದು ಕೆಲವರಿಗಷ್ಟೇ ಗೊತ್ತು. ಕರಪತ್ರ, ಗೋಡೆಬರಹ, ಸಭೆ ಯಾವುದೇ ಇರಲಿ, ಈ ಲೆಕ್ಕದಿಂದ ಶುರು ಮಾಡಿ.

ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ 28.3 ಲೀಟರ್. ಅದು ಒಂದು ಹಗಲು ಒಂದು ರಾತ್ರಿ ಹರಿದರೆ 24.5 ಲಕ್ಷ ಲೀಟರ್ ಆಗುತ್ತದೆ. ತಲೆಗೆ ದಿನಕ್ಕೆ 55 ಲೀಟರ್‌ನಂತೆ ಸುಮಾರು 44,000 ಜನರ ಕುಡಿಯುವ ನೀರು ಅದು. ಭತ್ತದ ಗದ್ದೆಗಾದರೆ ದಿನಕ್ಕೆ 10 ಮಿಲಿಮೀಟರ್ ಬೇಕೆಂದರೆ 60 ಎಕರೆ, ಮರಳು ಮಿಶ್ರಿತ ಮಣ್ಣಿನಲ್ಲಿ ಇಂಗುವುದು ಹೆಚ್ಚಿ 15 ಮಿಲಿಮೀಟರ್ ಬೇಕಾದರೆ 40 ಎಕರೆ. ಎರೆ ನೆಲದವರು 60ರ ಕಡೆ, ಮರಳು ಮಣ್ಣಿನವರು 40ರ ಕಡೆ ಇಟ್ಟುಕೊಳ್ಳಲಿ. ಹೊಲಗಾಲುವೆಯಲ್ಲಿ ಸೋರಿದ್ದು ಈ ಲೆಕ್ಕದಲ್ಲಿ ಸೇರಿಲ್ಲ.

ಒಂದು ಟಿಎಂಸಿ ಎಂದರೆ 11,574 ಕ್ಯೂಸೆಕ್ ಒಂದು ದಿನ ಹರಿದಷ್ಟು. ಬಲದಂಡೆ ನಾಲೆ ತನ್ನ ಪೂರ್ಣ ಸಾಮರ್ಥ್ಯ 2,650 ಕ್ಯೂಸೆಕ್‌ನಲ್ಲಿ 100 ದಿನ ಹರಿದರೆ ಹತ್ತಿರ ಹತ್ತಿರ 23 ಟಿಎಂಸಿ ಖರ್ಚು. ಈ ಒಂದು ಸಾಲನ್ನು ಪಂಚಾಯಿತಿ ಗೋಡೆಯ ಮೇಲೆ ಬರೆಸಿದರೆ, "ಇಷ್ಟು ನೀರಿದ್ದೂ ಯಾಕೆ ಬಿಡಲ್ಲ" ಎಂಬ ಪ್ರಶ್ನೆಗೂ "ಇಷ್ಟೇ ಇದ್ದಾಗ ಯಾಕೆ ಬಿಟ್ಟರು" ಎಂಬ ಪ್ರಶ್ನೆಗೂ ಜನ ತಾವೇ ಉತ್ತರ ಹುಡುಕುತ್ತಾರೆ. ಡೆಡ್ ಸ್ಟೋರೇಜ್ (ನಾಲೆಗೆ ಹರಿಸಲಾಗದೆ ಡ್ಯಾಂ ತಳದಲ್ಲೇ ಉಳಿಯುವ ನೀರು), ಆವಿ, ಕುಡಿಯುವ ನೀರು, ನದಿಗೆ ಬಿಡಬೇಕಾದದ್ದು, ಎಡದಂಡೆ, ಇವನ್ನು ಕಳೆದು ಉಳಿದದ್ದೇ ಬಲದಂಡೆಯ ಬೆಳೆಗೆ ಎಂಬುದನ್ನು ಅದರ ಕೆಳಗೇ ಬರೆಯಿರಿ.

ನಿಮ್ಮ ಉಪನಾಲೆಯನ್ನು ನೀವೇ ಅಳೆಯಿರಿ

ಇಲಾಖೆಯ ಗೇಜ್ ಇದ್ದರೆ ಅದನ್ನೇ ನಂಬಿ, ಆದರೆ ಬಣ್ಣ ಹೋಗಿ ಅಂಕಿ ಕಾಣದ ಗೇಜ್‌ಗಳೇ ಹೆಚ್ಚು. ತೇಲು ಅಳತೆ ಯಾರಾದರೂ ಮಾಡಬಹುದು. ಬೇಕಾದದ್ದು 30 ಮೀಟರ್ ಟೇಪು, ಒಂದು ಕೋಲು, ಮೊಬೈಲಿನ ಸ್ಟಾಪ್‌ವಾಚ್ ಮತ್ತು ಒಂದು ನಿಂಬೆಹಣ್ಣು ಅಥವಾ ಕಿತ್ತಳೆ. ಥರ್ಮಾಕೋಲ್ ಬೇಡ, ಗಾಳಿಗೆ ಓಡುತ್ತದೆ.

ಲೈನಿಂಗ್ ಚೆನ್ನಾಗಿರುವ, ನೇರವಾದ, ಗಿಡಗಂಟಿ ಇಲ್ಲದ 30 ಮೀಟರ್ ಜಾಗ ಆರಿಸಿ. ಹಣ್ಣನ್ನು ಗುರುತಿಗಿಂತ ಐದಾರು ಮೀಟರ್ ಮೇಲೆ ನಾಲೆಯ ನಡುವಿಗೆ ಬಿಡಿ, ಮೊದಲ ಗುರುತು ದಾಟಿದಾಗ ಸಮಯ ಶುರು ಮಾಡಿ. ಮೂರು ಸಲ ಮಾಡಿ ಸರಾಸರಿ ತೆಗೆಯಿರಿ. ಮೇಲ್ಮೈ ನೀರು ತಳದ ನೀರಿಗಿಂತ ವೇಗವಾಗಿ ಓಡುವುದರಿಂದ ಬಂದ ವೇಗವನ್ನು 0.85ರಿಂದ ಗುಣಿಸಬೇಕು, ಮಣ್ಣಿನ ಕಾಲುವೆಯಾದರೆ 0.8ರಿಂದ.

ಉದಾಹರಣೆಗೆ, ನೀರಿನ ಮೇಲಗಲ 3 ಮೀಟರ್, ತಳದಗಲ 1.2 ಮೀಟರ್, ಆಳ 0.6 ಮೀಟರ್. ಎರಡು ಅಗಲದ ಸರಾಸರಿ 2.1, ಆಳದಿಂದ ಗುಣಿಸಿದರೆ 1.26 ಚದರ ಮೀಟರ್. ಹಣ್ಣು 30 ಮೀಟರ್ ಹೋಗಲು 50 ಸೆಕೆಂಡ್ ತೆಗೆದುಕೊಂಡರೆ ವೇಗ 0.6, ಅದರ 0.85 ಪಾಲು 0.51. ಗುಣಿಸಿದಾಗ ಬರುವುದು ಸೆಕೆಂಡಿಗೆ 0.64 ಘನ ಮೀಟರ್. ಇದನ್ನು 35.3ರಿಂದ ಗುಣಿಸಿದರೆ ಸುಮಾರು 22.7 ಕ್ಯೂಸೆಕ್. ನೂರಕ್ಕೆ ಹತ್ತು ಹದಿನೈದು ಹೆಚ್ಚುಕಡಿಮೆ ಆಗಬಹುದು, ಊರ ಲೆಕ್ಕಕ್ಕೆ ಇಷ್ಟು ಸಾಕು.

ಅಳೆಯುವಾಗ ತಲೆಭಾಗದ ಒಬ್ಬರು, ಕೊನೆಭಾಗದ ಒಬ್ಬರು, ನೀರು ಹಂಚುವ ಸೌಡಿ ಮೂವರೂ ನಿಂತಿರಲೇಬೇಕು. ಒಬ್ಬರೇ ಅಳೆದು ತಂದ ಅಂಕಿಯನ್ನು ಇನ್ನೊಬ್ಬರು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಅಳತೆ ಮೂರು ಕಡೆ ಆಗಲಿ: ಉಪನಾಲೆಯ ತಲೆ, ನಡು, ಕೊನೆಯ ತೂಬಿಗಿಂತ ತುಸು ಮೇಲೆ. ಪ್ರತಿ ಜಾಗದ ನಾಲೆ ಗೋಡೆಗೆ ಬಿಳಿ ಬಣ್ಣ ಬಳಿದು 5 ಸೆಂಟಿಮೀಟರ್‌ಗೊಂದು ಕಪ್ಪು ಗೆರೆ ಹಾಕಿ. ನೀರು ಬೇರೆ ಬೇರೆ ಮಟ್ಟದಲ್ಲಿದ್ದಾಗ ನಾಲ್ಕೈದು ಸಲ ತೇಲು ಅಳತೆ ಮಾಡಿದರೆ "ಈ ಗೆರೆಯಲ್ಲಿ ಇಷ್ಟು ಕ್ಯೂಸೆಕ್" ಎಂಬ ಪಟ್ಟಿ ಸಿದ್ಧವಾಗುತ್ತದೆ. ಆಮೇಲೆ ದಿನಾ ಹಣ್ಣು ಬಿಡುವ ಕೆಲಸವಿಲ್ಲ, ಗೆರೆ ನೋಡಿದರೆ ಸಾಕು. ಹೂಳು ತುಂಬಿದರೆ ಅಥವಾ ಜೊಂಡು ಬೆಳೆದರೆ ಅದೇ ಗೆರೆಯಲ್ಲಿ ನೀರು ಕಡಿಮೆ ಹರಿಯುತ್ತಿರುತ್ತದೆ, ಆದ್ದರಿಂದ ಪಟ್ಟಿಯನ್ನು ಪ್ರತಿ ಹಂಗಾಮಿಗೂ ಹೊಸದಾಗಿ ಮಾಡಿ.

ಪಂಪಿನ ಲೆಕ್ಕ

ಸಭೆ ಕೆಡುವುದು ಇಲ್ಲೇ. ನಾಲೆ ದಂಡೆಯ 5 ಎಚ್‌ಪಿ ಮೋಟರ್ ಕಡಿಮೆ ಎತ್ತರಕ್ಕೆ ಎತ್ತುವಾಗ ಸೆಕೆಂಡಿಗೆ ಹತ್ತು ಲೀಟರ್ ಸುಮಾರಿಗೆ ತೆಗೆಯುತ್ತದೆ. ಮೂರು ಮೋಟರ್ ಸೇರಿದರೆ ಒಂದು ಕ್ಯೂಸೆಕ್. ಅರವತ್ತು ಮೋಟರ್ ಒಟ್ಟಿಗೆ ಓಡಿದರೆ 20 ಕ್ಯೂಸೆಕ್, ಅಂದರೆ ಮೇಲಿನ ಉದಾಹರಣೆಯ ಉಪನಾಲೆ ಬಹುಪಾಲು ಖಾಲಿ.

ಕಾನೂನು ಇದನ್ನು ಒಪ್ಪುವುದಿಲ್ಲ. 1965ರ ಕರ್ನಾಟಕ ನೀರಾವರಿ ಕಾಯ್ದೆಗೆ 2024ರಲ್ಲಿ ತಿದ್ದುಪಡಿ ತಂದದ್ದೇ ನಾಲೆಯಿಂದ ಅಕ್ರಮವಾಗಿ ನೀರೆತ್ತುವುದನ್ನು ತಡೆಯಲು. ಹಾಗೆಂದು ಮೊದಲ ದಿನವೇ ಬೆಸ್ಕಾಂ ಲೈನ್‌ಮನ್, ಪೊಲೀಸ್ ಜೀಪು ಕರೆದುಕೊಂಡು ಹೋದರೆ ಪೈಪು ರಾತ್ರಿಗೆ ಸರಿಯುತ್ತದೆ, ಕರೆಂಟ್ ಕಡಿದರೆ ಡೀಸೆಲ್ ಎಂಜಿನ್ ಬರುತ್ತದೆ. ಮೊದಲು ಲೆಕ್ಕ ಹೇಳಿ. ಅಡಿಕೆ ಮರಕ್ಕೆ ಡ್ರಿಪ್‌ನಲ್ಲಿ ದಿನಕ್ಕೆ 16ರಿಂದ 20 ಲೀಟರ್ ಸಾಕು. ಎಕರೆಗೆ 550 ಮರ ಎಂದುಕೊಂಡರೆ 11,000 ಲೀಟರ್. ಹತ್ತು ಲೀಟರ್‌ನ ಮೋಟರ್ ಅಷ್ಟು ನೀರನ್ನು ಇಪ್ಪತ್ತು ನಿಮಿಷದೊಳಗೆ ಎತ್ತಿ ಕೊಡುತ್ತದೆ. ಎರಡು ಎಕರೆ ತೋಟಕ್ಕೆ ಇಡೀ ರಾತ್ರಿ ಮೋಟರ್ ಓಡಿಸುವವನು ಮರಕ್ಕಲ್ಲ, ಹಳ್ಳಕ್ಕೆ ನೀರು ಕೊಡುತ್ತಿದ್ದಾನೆ. ತೋಟದವರನ್ನೇ ಕೂರಿಸಿ ಈ ಗುಣಾಕಾರ ಮಾಡಿಸಿದರೆ "ದಿನ ಬಿಟ್ಟು ದಿನ ಒಂದು ಗಂಟೆ" ಎಂಬ ಮಾತಿಗೆ ಬರುವವರಿದ್ದಾರೆ. ಇದು ಅಕ್ರಮವನ್ನು ಸಕ್ರಮ ಮಾಡುವುದಿಲ್ಲ, ಹಾಗೆಂದು ಬರೆದೂ ಕೊಡಬಾರದು. ಒಪ್ಪದವರ ಪಟ್ಟಿಯನ್ನು ಎಂಜಿನಿಯರ್‌ಗೆ ಸಂಘದ ಲೆಟರ್‌ಹೆಡ್‌ನಲ್ಲಿ ಕೊಡಿ. ಒಬ್ಬ ವ್ಯಕ್ತಿಯ ಹೆಸರಿನಲ್ಲಿ ದೂರು ಹೋಗಬಾರದು, ನಾಳೆ ಅವನೇ ಆ ದಂಡೆಯ ಮೇಲೆ ಓಡಾಡಬೇಕು.

ಪಾಳಿ ಕಟ್ಟುವುದು

ಪಾಳಿಯನ್ನು ತಾರೀಖಿನ ಮೇಲೆ ಕಟ್ಟಬೇಡಿ, ವಾರದ ಮೇಲೆ ಕಟ್ಟಿ. "ಹದಿನಾಲ್ಕನೇ ತಾರೀಖು ನಿಮ್ಮ ತೂಬು" ಎಂದರೆ ಮರೆಯುತ್ತಾರೆ, "ಶುಕ್ರವಾರ ನಿಮ್ಮದು" ಎಂದರೆ ಮನೆಯ ಮಕ್ಕಳಿಗೂ ನೆನಪಿರುತ್ತದೆ.

20 ಕ್ಯೂಸೆಕ್‌ನ ಉಪನಾಲೆಯಲ್ಲಿ ಸಾವಿರ ಎಕರೆ ಇದೆ ಎಂದುಕೊಳ್ಳಿ. ಅದನ್ನು ಕೊನೆ, ನಡು, ತಲೆ ಎಂದು ಮೂರು ಸಮಪಾಲು ಮಾಡಿ. ಕೊನೆಗೆ ಮಂಗಳವಾರ ಬೆಳಿಗ್ಗೆ ಆರರಿಂದ ಶುಕ್ರವಾರ ಬೆಳಿಗ್ಗೆ ಆರರವರೆಗೆ ಮೂರು ದಿನ, ನಡುವಿಗೆ ಭಾನುವಾರ ಬೆಳಿಗ್ಗೆ ಆರರವರೆಗೆ ಎರಡು ದಿನ, ತಲೆಗೆ ಮಂಗಳವಾರ ಬೆಳಿಗ್ಗೆಯವರೆಗೆ ಎರಡು ದಿನ. ತಲೆಭಾಗದವರು "ನಮಗೆ ಎರಡೇ ದಿನವಾ" ಎಂದು ಕೇಳೇ ಕೇಳುತ್ತಾರೆ. ಉತ್ತರ ಲೆಕ್ಕದಲ್ಲಿದೆ: ಎರಡು ದಿನ ಪೂರ್ತಿ ನೀರು 330 ಎಕರೆಗೆ ಹೋದರೆ ಗದ್ದೆಯಲ್ಲಿ ಸರಾಸರಿ ಏಳು ಸೆಂಟಿಮೀಟರ್ ನಿಲ್ಲುವಷ್ಟಾಗುತ್ತದೆ, ವಾರಕ್ಕೆ ಹಂಚಿದರೆ ದಿನಕ್ಕೆ ಹತ್ತು ಮಿಲಿಮೀಟರ್. ಕೊನೆಭಾಗಕ್ಕೆ ಸಿಗುವ ಮೂರನೇ ದಿನ ಲಾಭದ್ದಲ್ಲ, ನಾಲೆ ತುಂಬಲು ಮತ್ತು ದಾರಿಯಲ್ಲಿ ಸೋರಲು ಹೋಗುವ ನೀರಿನದು.

ಕೊನೆಭಾಗದಿಂದಲೇ ಪಾಳಿ ಶುರುವಾಗಲಿ. ತಲೆಯಿಂದ ಶುರು ಮಾಡಿದರೆ ಮೊದಲ ತೂಬು ಮುಚ್ಚುವ ದಿನ ಬರುವುದೇ ಇಲ್ಲ.

ತೂಬು ಮುಚ್ಚುವ ಕ್ರಮದಲ್ಲಿ ಎಚ್ಚರ ತಪ್ಪಿದರೆ ನಾಲೆಯೇ ಒಡೆಯುತ್ತದೆ. ತಲೆಭಾಗದ ಎಲ್ಲ ತೂಬುಗಳನ್ನು ಒಮ್ಮೆಲೇ ಮುಚ್ಚಿದರೆ ನೀರು ಏರಿ, ಇಲಿ ಬಿಲ ತೋಡಿದ ಅಥವಾ ಎಮ್ಮೆ ಇಳಿದು ಸವೆದ ದಂಡೆ ಒಡೆದುಕೊಳ್ಳುತ್ತದೆ. ಮೊದಲು ಕೊನೆಯ ತೂಬುಗಳು ತೆರೆದಿವೆ ಎಂದು ಫೋನಿನಲ್ಲಿ ಖಾತ್ರಿ ಮಾಡಿಕೊಳ್ಳಿ, ಆಮೇಲೆ ತಲೆಯಲ್ಲಿ ಅರ್ಧ ಗಂಟೆಗೆ ಎರಡು ಮೂರು ತೂಬಿನಂತೆ ಮುಚ್ಚಿ. ಗೇಟು ಸರಿಯಾಗಿ ಕೂರದ ಕಡೆ ಮಣ್ಣು ತುಂಬಿದ ಗೋಣಿಚೀಲ ಸಾಕು. ಒಂದು ತೂಬಿಗೆ ಎರಡು ಚೀಲ ಮೊದಲೇ ದಂಡೆಯ ಮೇಲೆ ಇಟ್ಟಿರಿ, ರಾತ್ರಿ ಹುಡುಕಲು ಆಗುವುದಿಲ್ಲ.

ರಾತ್ರಿ ಕಾವಲು ಜೋಡಿಯಲ್ಲಿರಲಿ, ತಲೆಯ ಊರಿನವರೊಬ್ಬರು, ಕೊನೆಯ ಊರಿನವರೊಬ್ಬರು. ಕೊನೆಭಾಗದವರೇ ನಾಲ್ಕು ಜನ ಬ್ಯಾಟರಿ ಹಿಡಿದು ಮೇಲಿನ ಊರಿಗೆ ಹೋದರೆ ಅದು ಕಾವಲಲ್ಲ, ಜಗಳಕ್ಕೆ ಕರೆ. ಜೊತೆಗೆ ಅದೇ ಊರಿನವರಿದ್ದರೆ ಮಾತು ಬೇರೆಯಾಗುತ್ತದೆ: "ಯಜಮಾನ್ರೇ, ನಿಮ್ಮ ಪಾಳಿ ಭಾನುವಾರ ಐತಲ್ಲ, ಇವತ್ತು ಮುಚ್ಚಿಬಿಡ್ರಿ" ಎಂದರೆ ಸಾಕಾಗುತ್ತದೆ.

ತಲೆಭಾಗದವರನ್ನು ಒಪ್ಪಿಸಲು ಒಂದು ಸಾಧನವಿದೆ. 30 ಸೆಂಟಿಮೀಟರ್ ಉದ್ದ, ನಾಲ್ಕಿಂಚಿನಷ್ಟು ಅಗಲದ ಪಿವಿಸಿ ಪೈಪಿನ ಕೆಳಗಿನ ಅರ್ಧಕ್ಕೆ ಸುತ್ತಲೂ ತೂತು ಕೊರೆದು, ಆ ಅರ್ಧ ಮಣ್ಣಿನೊಳಗೆ ಹೋಗುವಂತೆ ಗದ್ದೆಯಲ್ಲಿ ಹೂಳಿ, ಒಳಗಿನ ಮಣ್ಣು ತೆಗೆಯಿರಿ. ಗದ್ದೆಯ ಮೇಲೆ ನೀರು ಕಾಣದಿದ್ದರೂ ಪೈಪಿನೊಳಗೆ ನೀರು ಕಾಣುತ್ತದೆ. ನೆಲಮಟ್ಟದಿಂದ 15 ಸೆಂಟಿಮೀಟರ್ ಕೆಳಗಿಳಿಯುವವರೆಗೂ ಭತ್ತಕ್ಕೆ ಕೊರತೆಯಿಲ್ಲ. ತೆನೆ ಹೂವಾಡುವ ಆಸುಪಾಸಿನ ಎರಡು ವಾರ ಮಾತ್ರ ಈ ಮಾತು ನಡೆಯುವುದಿಲ್ಲ, ಆಗ ಐದು ಸೆಂಟಿಮೀಟರ್ ನೀರು ನಿಂತಿರಬೇಕು. ನಾಟಿ ಮಾಡಿದ ಮೊದಲ ಎರಡು ವಾರವೂ ಬೇಡ, ಕಳೆ ಏಳುತ್ತದೆ. ತಲೆಭಾಗದಲ್ಲಿ ಊರಿನವರು ಮಾತು ಕೇಳುವ ಒಬ್ಬರ ಗದ್ದೆಯಲ್ಲಿ, ರಸ್ತೆ ಬದಿಗೆ, ಎರಡು ಪೈಪು ಹೂಳಿ. ಹತ್ತು ಕರಪತ್ರ ಮಾಡದ ಕೆಲಸ ಅದು ಮಾಡುತ್ತದೆ.

ಸಭೆ ಎಲ್ಲಿ, ಯಾವಾಗ

ಕೊನೆಭಾಗದ ಊರಲ್ಲಿ ಸಭೆ ಕರೆದರೆ ಕೊನೆಭಾಗದವರೇ ಬಂದು ಒಬ್ಬರಿಗೊಬ್ಬರು ಕಷ್ಟ ಹೇಳಿಕೊಂಡು ಹೋಗುತ್ತಾರೆ. ತಲೆಭಾಗಕ್ಕೆ ಹೋಗಿ. ಮಲೇಬೆನ್ನೂರು ಶಾಖೆಯವರು ಬಸವಾಪಟ್ಟಣದ ಕಡೆ, ದಾವಣಗೆರೆ ಶಾಖೆಯವರು ತ್ಯಾವಣಿಗೆಯ ಕಡೆ ಕೂತರೆ ಯಾರ ಜೊತೆ ಮಾತಾಡಬೇಕೋ ಅವರು ಅಲ್ಲಿರುತ್ತಾರೆ. ಸಂತೆ ದಿನ, ಜಾತ್ರೆ ದಿನ, ಮದುವೆ ಮುಹೂರ್ತ ಹೆಚ್ಚಿರುವ ದಿನ ತಪ್ಪಿಸಿ. ಸೋಮವಾರ ಬಸವನಿಗೆ ಬಿಡುವು ಕೊಡುವ ಊರುಗಳಲ್ಲಿ ಅದೇ ಒಳ್ಳೆಯ ದಿನ. ಪಕ್ಷದ ಶಾಲು ಹಾಕಿಕೊಂಡು ವೇದಿಕೆ ಹತ್ತುವವರಿಗೆ ಮೊದಲೇ ಕೈ ಮುಗಿದು ಹೇಳಿಬಿಡಿ.

ಇದೆಲ್ಲ ನೀರಾವರಿ ಸಲಹಾ ಸಮಿತಿಯ ಸಭೆಗಿಂತ ಕನಿಷ್ಠ ಮೂರು ವಾರ ಮೊದಲು ಮುಗಿದಿರಬೇಕು. ಐಸಿಸಿ ಸಭೆ ಎಂದು ಎಲ್ಲರೂ ಕರೆಯುವ ಅದು ಸಾಮಾನ್ಯವಾಗಿ ಶಿವಮೊಗ್ಗದ ಮಲವಗೊಪ್ಪದಲ್ಲಿರುವ ಭದ್ರಾ ಕಾಡಾ (ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರ) ಕಚೇರಿಯಲ್ಲಿ ನಡೆಯುತ್ತದೆ. ಅಲ್ಲಿ ನೀರು ಬಿಡುವ ದಿನ, ಒಟ್ಟು ದಿನ, ಎಷ್ಟು ದಿನ ಬಿಟ್ಟು ಎಷ್ಟು ದಿನ ನಿಲ್ಲಿಸುವುದು ಎಂಬುದು ತೀರ್ಮಾನವಾದ ಮೇಲೆ ಬದಲಿಸುವುದು ಕಷ್ಟ. ಸಭೆಗೆ ಹತ್ತು ದಿನ ಮುಂಚೆ ಒಂದೇ ಪುಟದ ಮನವಿ ಕೊಡಿ: ಕಳೆದ ಹಂಗಾಮಿನಲ್ಲಿ ನಾಲೆಗೆ ನೀರು ಬಿಟ್ಟ ದಿನ, ಕೊನೆಯ ತೂಬಿಗೆ ಮುಟ್ಟಿದ ದಿನ, ಎಷ್ಟು ದಿನ ಹರಿಯಿತು, ನಾಲೆ ನಿಂತ ಎಷ್ಟನೇ ದಿನಕ್ಕೆ ಗದ್ದೆ ಬಿರುಕು ಬಿಟ್ಟಿತು, ಯಾವ ತೂಬಿನ ಗೇಟು ಕೆಟ್ಟಿದೆ, ಎಲ್ಲಿ ಹೂಳಿದೆ. ತಲೆ, ಕೊನೆ ಎರಡೂ ಸಂಘಗಳ ಸಹಿ ಇರಲಿ. ಎರಡೂ ಕಡೆಯ ಸಹಿ ಇರುವ ಮನವಿಯನ್ನು ಪಕ್ಕಕ್ಕೆ ಇಡುವುದು ಯಾವ ಅಧಿಕಾರಿಗೂ ಸುಲಭವಲ್ಲ.

ನಾಲೆ ಹತ್ತು ದಿನ ನಿಂತು ಮತ್ತೆ ಬಿಟ್ಟರೆ ತಲೆಗೆ ನಿಂತದ್ದು ಹತ್ತೇ ದಿನ. ಕೊನೆಗೆ ಹತ್ತು ದಿನದ ಜೊತೆಗೆ ನೀರು ಮರಳಿ ಮುಟ್ಟುವ ದಿನಗಳೂ ಸೇರುತ್ತವೆ. ನಿಮ್ಮ ದಾಖಲೆಯಲ್ಲಿ ಆ ಪ್ರಯಾಣದ ದಿನಗಳು ಬರೆದಿದ್ದರೆ ಮಾತ್ರ ಇದು ವಾದವಾಗಿ ನಿಲ್ಲುತ್ತದೆ.

ಸುದ್ದಿ ಮುಟ್ಟಿಸುವುದು

ವಾಟ್ಸಾಪ್ ಗ್ರೂಪ್ ಒಂದು ಉಪನಾಲೆಗೆ ಒಂದೇ ಇರಲಿ, ಅಡ್ಮಿನ್‌ಗಳು ಮಾತ್ರ ಬರೆಯುವಂತೆ ಮಾಡಿ. ದಿನಕ್ಕೆ ಒಂದೇ ಸಂದೇಶ, ಬೆಳಿಗ್ಗೆ ಏಳಕ್ಕೆ: ಡ್ಯಾಂ ಮಟ್ಟ, ಒಳಹರಿವು, ನಾಲೆಗೆ ಬಿಟ್ಟದ್ದು, ನಮ್ಮ ಮೂರು ಗೆರೆಗಳ ಅಳತೆ, ಇವತ್ತು ಯಾರ ಪಾಳಿ. ಗೆರೆಯ ಫೋಟೊ ಜೊತೆಗಿರಲಿ. ಕಳೆದ ವರ್ಷದ ಬಿರುಕು ಬಿಟ್ಟ ಗದ್ದೆಯ ಫೋಟೊ ಈ ವರ್ಷದ್ದೆಂದು ಓಡಾಡುವುದು ಮಾಮೂಲು, ಫೋಟೊದಲ್ಲಿ ಅವತ್ತಿನ ಪೇಪರ್ ಹಿಡಿದಿರುವುದು ಹಳೆಯ ಉಪಾಯ, ಇಂದಿಗೂ ಕೆಲಸ ಮಾಡುತ್ತದೆ.

ಫೋನ್ ನೋಡದವರಿಗೆ ಡಂಗುರ. ಸಂಜೆ ಏಳರ ಮೇಲೆ ಸಾರಿಸಿ, ಮೂರು ಸಾಲಿಗಿಂತ ಹೆಚ್ಚು ಬೇಡ: "ನಾಳೆ ಮಂಗಳವಾರ ಬೆಳಿಗ್ಗೆ ಆರಕ್ಕೆ ತಲೆಭಾಗದ ತೂಬು ಬಂದ್. ಕೊನೆಭಾಗದವರು ಗದ್ದೆ ಹತ್ತಿರ ಇರ್ರಿ. ಬದು ಸರಿ ಮಾಡ್ಕೊಳ್ರಿ." ಹಾಲಿನ ಡೇರಿ, ನ್ಯಾಯಬೆಲೆ ಅಂಗಡಿ, ಬಸ್ ನಿಲ್ದಾಣದ ಬೋರ್ಡು ಮೂರೂ ಕಡೆ ಸುಣ್ಣದ ಕಡ್ಡಿಯಲ್ಲಿ ಪಾಳಿ ಬರೆಯಿರಿ. ಡೇರಿಯ ಬೋರ್ಡು ದಿನಕ್ಕೆರಡು ಸಲ ಹೆಂಗಸರ ಕಣ್ಣಿಗೆ ಬೀಳುತ್ತದೆ, ಮನೆಯಲ್ಲಿ ನೆನಪಿಸುವವರೂ ಅವರೇ.

ಕುಡಿಯುವ ನೀರು ಮತ್ತು ಚಿತ್ರದುರ್ಗದ ಕಡೆ

ಒಂದೇ ನೀರಿಗೆ ಹಲವು ಕೈಗಳಿವೆ. ದಾವಣಗೆರೆ ನಗರ ರಾಜನಹಳ್ಳಿಯ ಬಳಿ ತುಂಗಭದ್ರೆಯಿಂದ ನೀರೆತ್ತುತ್ತದೆ, ಕುಂದವಾಡ ಕೆರೆ ಮತ್ತು ಟಿವಿ ಸ್ಟೇಷನ್ ಕೆರೆಗೆ ಭದ್ರಾ ನಾಲೆಯ ನೀರು ತುಂಬುತ್ತದೆ. ಚಿತ್ರದುರ್ಗಕ್ಕೆ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯೂ ವಾಣಿವಿಲಾಸ ಸಾಗರವೂ ಆಧಾರ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ 29.9 ಟಿಎಂಸಿಯ ಲೆಕ್ಕವಿದೆ: 17.4 ತುಂಗೆಯಿಂದ ಭದ್ರೆಗೆ, 12.5 ಭದ್ರೆಯದು. ಅದರಲ್ಲಿ ದಾವಣಗೆರೆ ಜಿಲ್ಲೆಯದೇ ಆದ ಜಗಳೂರು ತಾಲ್ಲೂಕೂ ಇರುವುದರಿಂದ ಇದು ಎರಡು ಜಿಲ್ಲೆಗಳ ನಡುವಿನ ಜಗಳ ಎನ್ನುವುದೇ ತಪ್ಪು.

2025ರಲ್ಲಿ ಬಲದಂಡೆ ನಾಲೆ ಸೀಳಿ ಹೊಸದುರ್ಗ, ತರೀಕೆರೆ ಕಡೆಗೆ ಕುಡಿಯುವ ನೀರು ಒಯ್ಯುವ ಕಾಮಗಾರಿಗೆ ದಾವಣಗೆರೆ ಭಾಗದಲ್ಲಿ ದೊಡ್ಡ ವಿರೋಧ ಎದ್ದಿತು. ಇಂಥ ವಿಷಯ ಮುಂದೆಯೂ ಬರುತ್ತದೆ. ಆಗ "ಎಷ್ಟು ನೀರು" ಎಂಬ ಪ್ರಶ್ನೆಯಲ್ಲೇ ಸಿಕ್ಕಿಕೊಳ್ಳಬೇಡಿ. ಎರಡು ಲಕ್ಷ ಜನಕ್ಕೆ 55 ಲೀಟರ್ ಎಂದರೆ ನಾಲ್ಕೂವರೆ ಕ್ಯೂಸೆಕ್, 2,650ರ ನಾಲೆಯಲ್ಲಿ ಅದು ಕಾಣುವುದೂ ಇಲ್ಲ. ಕೇಳಬೇಕಾದದ್ದು ಬೇರೆ. ಕುಡಿಯುವ ನೀರಿನ ತೂಬಿನ ಹೊಸ್ತಿಲು ನಾಲೆಯ ತಳದಿಂದ ಎಷ್ಟು ಎತ್ತರದಲ್ಲಿದೆ? ತಳಕ್ಕೆ ಅಂಟಿಕೊಂಡಿದ್ದರೆ ನಾಲೆಯಲ್ಲಿ ನೀರು ಇಳಿದಾಗಲೂ ಅದಕ್ಕೆ ಪೂರ್ತಿ ಸಿಗುತ್ತದೆ, ಕೊರತೆಯೆಲ್ಲ ಕೊನೆಭಾಗದ ತಲೆಗೆ ಬರುತ್ತದೆ. ಪೈಪಿನ ವ್ಯಾಸ ಬೇಡಿಕೆಗೆ ತಕ್ಕಷ್ಟೇ ಇದೆಯೋ, ಅದರ ಮೂರರಷ್ಟಿದೆಯೋ? ಮೀಟರ್ ಇದೆಯೇ, ಅದರ ಅಂಕಿ ಎಲ್ಲಿ ಪ್ರಕಟವಾಗುತ್ತದೆ? ನಾಲೆ ಬಂದ್ ಇರುವ ತಿಂಗಳಲ್ಲಿ ನೀರು ಎಲ್ಲಿಂದ? ಆ ತಿಂಗಳ ನೀರಿಗಾಗಿ ನಾಲೆಯನ್ನೇ ಹರಿಸಬೇಕಾದರೆ ನಾಲ್ಕೂವರೆ ಕ್ಯೂಸೆಕ್ ಮುಟ್ಟಿಸಲು ಅದರ ಹಲವು ಪಟ್ಟು ಬಿಡಬೇಕಾಗುತ್ತದೆ.

ಈ ನಾಲ್ಕು ಪ್ರಶ್ನೆಗಳನ್ನು ಆ ಕಡೆಯ ಊರಿನವರೂ ಕೇಳುವಂತೆ ಮಾಡುವುದೇ ಸಹಕಾರ. ಬೋರ್‌ವೆಲ್‌ನ ಫ್ಲೋರೈಡ್ ನೀರು ಕುಡಿಯುತ್ತಿರುವವರಿಗೆ "ನಮ್ಮ ನೀರು ಮುಟ್ಟಬೇಡಿ" ಎನ್ನುವ ಬದಲು "ನಾಲೆ ಬಂದ್ ಆದಾಗ ನಿಮ್ಮ ನಲ್ಲಿಯೂ ಬಂದ್ ಆಗುತ್ತದೆ, ಗೊತ್ತಾ?" ಎಂದು ಕೇಳಿ. ಎರಡೂ ಕಡೆಯಿಂದ ಐದೈದು ಜನ, ನೀರಾವರಿ ನಿಗಮದ ಒಬ್ಬರು, ಗ್ರಾಮೀಣ ಕುಡಿಯುವ ನೀರು ಇಲಾಖೆಯ ಒಬ್ಬರು ಸ್ಥಳದಲ್ಲೇ ನಿಂತು ನಕ್ಷೆ ನೋಡಲಿ. ಕಲ್ಯಾಣ ಮಂಟಪದಲ್ಲಿ ಐನೂರು ಜನರ ನಡುವೆ ಈ ಮಾತು ಆಗುವುದಿಲ್ಲ.

ನಾಲೆ ನಿಂತ ಮೇಲೆ

ನಾಲೆ ಬಂದ್ ಆದ ಒಂದು ವಾರದೊಳಗೆ ತಲೆಯಿಂದ ಕೊನೆಯವರೆಗೆ ನಡೆದು ಬನ್ನಿ. ತಳ ಕಾಣುವ ಆ ಕೆಲವು ದಿನಗಳಲ್ಲೇ ಒಡೆದ ಲೈನಿಂಗ್, ಹೂಳು, ದಂಡೆಯೊಳಗೆ ಮುಚ್ಚಿಟ್ಟ ಪೈಪು ಎಲ್ಲ ಕಣ್ಣಿಗೆ ಬೀಳುತ್ತವೆ. ಪ್ರತಿಯೊಂದಕ್ಕೂ ನಾಲೆಯ ದೂರ ತೋರಿಸುವ ಸರಪಳಿ ಗುರುತು ಅಥವಾ ಹತ್ತಿರದ ತೂಬಿನ ನಂಬರ್ ಬರೆದು ಫೋಟೊ ತೆಗೆಯಿರಿ. ಅಳತೆ ಪುಸ್ತಕವನ್ನು ಎರಡು ಪ್ರತಿ ಮಾಡಿ, ಒಂದು ತಲೆಯ ಸಂಘದಲ್ಲಿ, ಇನ್ನೊಂದು ಕೊನೆಯ ಸಂಘದಲ್ಲಿ ಇಡಿ. ಮುಂದಿನ ಹಂಗಾಮಿನ ಮೊದಲ ಸಭೆಗೆ ಎರಡನ್ನೂ ತಂದು ಪುಟಕ್ಕೆ ಪುಟ ತಾಳೆ ನೋಡಿದ ಮೇಲೆಯೇ ಪಾಳಿಯ ಮಾತು ಎತ್ತಿ.